ವೀಣಾ ಮಜುಂದಾರ್: ಸರ್ಕಾರಿ ವರದಿಯನ್ನು ಕಪಾಟಿನಲ್ಲಿ ಮಲಗಲು ಬಿಡದ ಪ್ರಾಧ್ಯಾಪಕಿ

ಗಂಗೋತ್ರಿಯ ಓದುಗಿ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ಅಧ್ಯಯನ ಎಂದರೆ ಹೆಚ್ಚಾಗಿ ಕಾರಿಡಾರಿನ ಕೊನೆಯ ಕೋಣೆ, ಇಬ್ಬರು ಅತಿಥಿ ಉಪನ್ಯಾಸಕರು, ಮಾರ್ಚ್ 8ರಂದು ಒಂದು ಭಾಷಣ, ಒಂದು ಶಾಲು. ಈ ವಿಷಯವನ್ನು ದೇಶದಲ್ಲಿ ಕಟ್ಟಿದವರ ತಲೆಯಲ್ಲಿ ಇದ್ದದ್ದು ಏನು ಎಂದು ನೋಡಹೊರಟರೆ ಮೊದಲು ಎದುರಾಗುವ ಹೆಸರುಗಳಲ್ಲಿ ವೀಣಾ ಮಜುಂದಾರ್ ಒಬ್ಬರು. ಅವರ ಬದುಕಿನ ಬಗ್ಗೆ ಇಲ್ಲಿ ಚರ್ಚೆಯಾಗಲಿ ಎಂದು ಬರೆಯುತ್ತಿದ್ದೇನೆ.

ಹುಟ್ಟಿದ್ದು 1927ರ ಮಾರ್ಚ್ 28ರಂದು, ಕೋಲ್ಕತ್ತದ ಮಧ್ಯಮವರ್ಗದ ಬಂಗಾಳಿ ಮನೆಯಲ್ಲಿ, ಐವರು ಮಕ್ಕಳಲ್ಲಿ ಕೊನೆಯವರಾಗಿ. ಇತಿಹಾಸಕಾರ ಆರ್. ಸಿ. ಮಜುಂದಾರ್ ಹತ್ತಿರದ ಬಂಧು. ಓದಿಗೆ ಕೊರತೆಯಿರಲಿಲ್ಲ: ಕೋಲ್ಕತ್ತ, ಬನಾರಸ್, ಮತ್ತೆ ಕೋಲ್ಕತ್ತದ ಆಶುತೋಷ್ ಕಾಲೇಜು, 1947ರಲ್ಲಿ ಆಕ್ಸ್‌ಫರ್ಡಿನ ಸೇಂಟ್ ಹ್ಯೂಸ್ ಕಾಲೇಜು. 1951ರಲ್ಲಿ ಹಿಂದಿರುಗಿ ಪಾಟ್ನಾ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸಲು ನಿಂತರು. ಅಲ್ಲಿನ ಅಧ್ಯಾಪಕರ ಸಂಘಕ್ಕೆ ಮೊದಲ ಕಾರ್ಯದರ್ಶಿ. ಸಂಗೀತಗಾರ ಶಂಕರ್ ಮಜುಂದಾರ್ ಅವರೊಂದಿಗೆ ಮದುವೆ, ನಾಲ್ವರು ಮಕ್ಕಳು. ನಡುವೆ ಮತ್ತೆ ಆಕ್ಸ್‌ಫರ್ಡಿಗೆ ಹೋಗಿ 1962ರಲ್ಲಿ ಡಿ.ಫಿಲ್. ಆಮೇಲೆ ಒಡಿಶಾದ ಬೆರ್ಹಾಂಪುರ ವಿಶ್ವವಿದ್ಯಾಲಯ, ದೆಹಲಿಯ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆ.

ಇಷ್ಟಕ್ಕೇ ನಿಂತಿದ್ದರೆ ಅವರು ಚೆನ್ನಾಗಿ ಓದಿದ, ಚೆನ್ನಾಗಿ ಪಾಠ ಹೇಳಿದ, ನಿವೃತ್ತಿಯ ದಿನ ಹೂಗುಚ್ಛ ಪಡೆದ ನೂರಾರು ಪ್ರಾಧ್ಯಾಪಕಿಯರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು. ನಲವತ್ತೈದು ದಾಟಿದ ಮೇಲೆ ಬದುಕು ತಿರುಗಿತು. ವಿಶ್ವಸಂಸ್ಥೆ ತನ್ನ ಸದಸ್ಯ ದೇಶಗಳಿಂದ ಮಹಿಳೆಯರ ಸ್ಥಿತಿಗತಿಯ ವಿವರ ಕೇಳಿತ್ತು. ಭಾರತ ಸರ್ಕಾರ 1971ರಲ್ಲಿ ಫೂಲ್‌ರೇಣು ಗುಹಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚಿಸಿತು. ಕೆಲಸ ಕುಂಟುತ್ತಿದ್ದಾಗ ಸದಸ್ಯ ಕಾರ್ಯದರ್ಶಿಯಾಗಿ ಬಂದವರು ವೀಣಾ. 1974ರ ಡಿಸೆಂಬರ್ ಕೊನೆಗೆ ಸಮಿತಿ ಕೊಟ್ಟ ವರದಿಯ ಹೆಸರು ‘ಟುವರ್ಡ್ಸ್ ಈಕ್ವಾಲಿಟಿ’, ಅಂದರೆ ಸಮಾನತೆಯ ಕಡೆಗೆ.

ಹೆಸರು ಎಷ್ಟು ಸೌಮ್ಯವೋ ಒಳಗಿನ ಅಂಕಿಗಳು ಅಷ್ಟೇ ಒರಟು. 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದ ದೇಶದಲ್ಲಿ 1971ರ ಹೊತ್ತಿಗೆ ಉಳಿದವರು 930. ಸಾವಿರ ಗಂಡಾಳುಗಳಿಗೆ 1911ರಲ್ಲಿ 525 ಹೆಣ್ಣಾಳುಗಳಿದ್ದರೆ 1971ರಲ್ಲಿ 210. ಸಂವಿಧಾನ ಬಂದು, ಯೋಜನೆಗಳು ಬಂದು, ಮಹಿಳಾ ಪ್ರಧಾನಿಯೂ ಬಂದ ಮೇಲಿನ ಲೆಕ್ಕ ಇದು. ಈ ಅಂಕಿಗಳನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಹತ್ತು ವರ್ಷಕ್ಕೊಮ್ಮೆ ಜನಗಣತಿಯ ಪುಸ್ತಕಗಳಲ್ಲಿ ಅಚ್ಚಾಗುತ್ತಲೇ ಇದ್ದವು. ಸಮಾಜವಿಜ್ಞಾನಿಗಳು ಅವನ್ನು ಓದಿಯೂ ಓದಿರಲಿಲ್ಲ. ಅಂಥ ಸಮಾಜವಿಜ್ಞಾನಿಗಳ ಸಾಲಿನಲ್ಲಿ ವೀಣಾ ತಮ್ಮನ್ನೂ ನಿಲ್ಲಿಸಿಕೊಂಡರು. ಸ್ವಾತಂತ್ರ್ಯದ ಫಲವುಂಡ ತಮ್ಮ ಪೀಳಿಗೆಯ ಓದಿದ ಹೆಂಗಸರು ಉಳಿದವರ ಪಾಡು ನೋಡದೇ ಹೋದೆವೆಂಬ ಸಂಕಟವನ್ನು ಅವರು ಕೊನೆಯವರೆಗೂ ಬರೆದರು, ಹೇಳಿದರು.

ನನ್ನ ವಾದ ಇಷ್ಟೇ. ವರದಿ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಬರೆದ ವರದಿಯ ಬೆನ್ನು ಬಿದ್ದು ನಲವತ್ತು ವರ್ಷ ಜಗಳವಾಡಿದವರು ಎಷ್ಟು ಜನ? ವೀಣಾ ಮಜುಂದಾರ್ ಅವರ ನಿಜವಾದ ಕೆಲಸ 1974ರ ಡಿಸೆಂಬರಿನಲ್ಲಿ ಮುಗಿಯಲಿಲ್ಲ, ಅಲ್ಲಿಂದ ಶುರುವಾಯಿತು.

ಕೋಟೆಬೀದಿ

ಒಳ್ಳೆಯ ಬರಹ. ಆದರೆ ತಕರಾರಿದೆ. ಸರ್ಕಾರದ ಸಮಿತಿ, ಸರ್ಕಾರದ ಅನುದಾನ, ದೆಹಲಿಯ ಕಚೇರಿ. ಇದನ್ನು ಹೋರಾಟ ಎನ್ನುವುದು ಹೇಗೆ? ಅದೇ ಕಾಲದಲ್ಲಿ ಬೆಲೆಯೇರಿಕೆಯ ವಿರುದ್ಧ ಮುಂಬೈಯಲ್ಲಿ ತಟ್ಟೆ ಲಟ್ಟಣಿಗೆ ಬಡಿದು ಬೀದಿಗಿಳಿದ ಹೆಂಗಸರಿದ್ದರು, ಚಿಪ್ಕೊದಲ್ಲಿ ಮರ ತಬ್ಬಿದವರಿದ್ದರು. ಆಕ್ಸ್‌ಫರ್ಡಿನಲ್ಲಿ ಓದಿ ಸಮಿತಿಯ ಕುರ್ಚಿಯಲ್ಲಿ ಕುಳಿತವರನ್ನು ಅವರ ಪಕ್ಕ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ಎಣಿಕೆಗಾರ

ನಾನು ಅಂಕಿಅಂಶದ ಮನುಷ್ಯ, ಹಾಗಾಗಿ ಬೇರೆ ಕಡೆಯಿಂದ ಬರುತ್ತೇನೆ. ದುಡಿಮೆಯ ಲೆಕ್ಕದ ಬಗ್ಗೆ ಎಚ್ಚರ ಬೇಕು. 1971ರ ಜನಗಣತಿಯಲ್ಲಿ ‘ಕೆಲಸಗಾರ’ ಎಂಬುದರ ವ್ಯಾಖ್ಯೆಯನ್ನೇ ಬದಲಿಸಿದ್ದರು. ಗಣತಿದಾರ ಮೊದಲು ಕೇಳುತ್ತಿದ್ದದ್ದು ‘ನಿಮ್ಮ ಮುಖ್ಯ ಕೆಲಸ ಯಾವುದು’ ಎಂದು. ಹೊಲದಲ್ಲಿ ಕಳೆ ಕಿತ್ತು, ಎಮ್ಮೆ ಮೇಯಿಸಿ, ಸಂಜೆ ರೊಟ್ಟಿ ಬಡಿಯುವ ಹೆಣ್ಣುಮಗಳ ಬಗ್ಗೆ ಆಕೆಯ ಗಂಡ ಬಾಗಿಲಲ್ಲಿ ನಿಂತು ‘ಮನೆಗೆಲಸ’ ಎಂದರೆ ಮುಗಿಯಿತು, ಆಕೆ ಕೆಲಸಗಾರರ ಪಟ್ಟಿಯಿಂದ ಹೊರಗೆ. 1961ರ ಗಣತಿ ಹಂಗಾಮಿನ ದುಡಿಮೆಯನ್ನು ಹೆಚ್ಚು ಉದಾರವಾಗಿ ಎಣಿಸಿತ್ತು. ಹಾಗಾಗಿ 525 ಮತ್ತು 210ನ್ನು ಪಕ್ಕಪಕ್ಕ ಇಟ್ಟು ಇಡೀ ಅಂತರವನ್ನು ಕುಸಿತ ಎಂದುಬಿಡುವಂತಿಲ್ಲ.

ಲಿಂಗಾನುಪಾತದ ವಿಷಯ ಬೇರೆ. ಅದು 1901ರಿಂದ 1971ರವರೆಗೆ ಗಣತಿಯಿಂದ ಗಣತಿಗೆ 972, 964, 955, 950, 945, 946, 941, 930 ಎಂದು ಇಳಿದಿದೆ. ನಡುವೆ 1951ರಲ್ಲಿ ಒಂದೇ ಅಂಕಿಯಷ್ಟು ಉಸಿರಾಡಿದೆ. ಹೆಣ್ಣುಮಕ್ಕಳನ್ನು ಗಣತಿಯಲ್ಲಿ ಬಿಟ್ಟಿರಬಹುದು, ಅದಕ್ಕೇ ಕಡಿಮೆ ಕಾಣುತ್ತದೆ ಎಂಬ ಸಮಾಧಾನ ಆಗ ಚಾಲ್ತಿಯಲ್ಲಿತ್ತು. ಜನಸಂಖ್ಯಾ ತಜ್ಞ ಪ್ರವೀಣ್ ವಿಸಾರಿಯಾ 1961ರ ಗಣತಿಯ ಅಂಕಿಗಳ ಮೇಲೆ ಕೆಲಸ ಮಾಡಿ, ಎಣಿಕೆಯ ಲೋಪಕ್ಕಿಂತ ಹೆಣ್ಣಿನ ಹೆಚ್ಚುವರಿ ಸಾವೇ ಮುಖ್ಯ ಕಾರಣ ಎಂದು ತೋರಿಸಿದರು. ವರದಿಗೆ ಆ ಕೆಲಸದ ಬಲವಿತ್ತು. ಅಂದರೆ ಹುಟ್ಟಿದ ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಬೇಗ ಸಾಯುತ್ತಿದ್ದರು: ಹಾಲು ಕಡಿಮೆ, ವೈದ್ಯರ ಬಳಿ ಒಯ್ಯುವುದು ತಡ, ಹೆರಿಗೆಯಲ್ಲಿ ಸಾವು.

ಗಂಗೋತ್ರಿಯ ಓದುಗಿ

@ಎಣಿಕೆಗಾರ, ವ್ಯಾಖ್ಯೆ ಬದಲಾದದ್ದನ್ನು ಹೇಳಿದ್ದು ಉಪಯೋಗವಾಯಿತು. ಅದನ್ನೇ ಇನ್ನೊಂದು ಕಡೆಯಿಂದ ನೋಡಿ. ಮಹಿಳೆಯ ದುಡಿಮೆಯನ್ನು ಎಣಿಸುವುದು ಹೇಗೆ ಎಂಬ ಪ್ರಶ್ನೆಯೇ ಮುಂದಿನ ಇಪ್ಪತ್ತು ವರ್ಷ ಮಹಿಳಾ ಅಧ್ಯಯನದ ದೊಡ್ಡ ಕೆಲಸವಾಯಿತು. 1991ರ ಗಣತಿಯ ಹೊತ್ತಿಗೆ ಕೂಲಿಯಿಲ್ಲದೆ ಸ್ವಂತ ಹೊಲದಲ್ಲಿ ದುಡಿಯುವವರನ್ನೂ ಬಿಡದೆ ಕೇಳಿ ಎಂದು ಗಣತಿದಾರರ ಪ್ರಶ್ನೆಯಲ್ಲೇ ಸೇರಿಸಿದರು. ಅದು ತಾನಾಗಿ ಆದದ್ದಲ್ಲ.

@ಕೋಟೆಬೀದಿ, ತಟ್ಟೆ ಬಡಿದವರನ್ನು ವೀಣಾ ಅವರ ಎದುರು ನಿಲ್ಲಿಸಬೇಕಾಗಿಲ್ಲ. ಅವರು ವಿದ್ಯಾರ್ಥಿನಿಯಾಗಿದ್ದಾಗಲೇ ಆಶುತೋಷ್ ಕಾಲೇಜಿನಲ್ಲಿ, ಹೆಣ್ಣುಮಕ್ಕಳಿಗೆ ಆಸ್ತಿ ಹಕ್ಕು ವಿಸ್ತರಿಸುವ ಹಿಂದೂ ಕಾನೂನು ಸಮಿತಿಯ ಶಿಫಾರಸುಗಳ ಪರ ಸಭೆ ನಡೆಸಿದ್ದರು. ಆಗ ಆ ಮಾತೆತ್ತಿದರೆ ಮನೆಮನೆಯಲ್ಲಿ ರಾದ್ಧಾಂತ.

ನೇತ್ರಾವತಿ ದಡ

ಅದು ನಮ್ಮ ಬೆನಗಲ್ ನರಸಿಂಗ ರಾಯರ ಸಮಿತಿಯಲ್ಲವೇ! ದಕ್ಷಿಣ ಕನ್ನಡ ಮೂಲದವರು, ಮುಂದೆ ಸಂವಿಧಾನ ಸಭೆಗೆ ಸಲಹೆಗಾರರಾದವರು. ಅಳಿಯಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವುದನ್ನು ಕಂಡ ಊರಿನವರು ಆ ಸಮಿತಿಯ ಮುಂದಾಳಾದದ್ದು ನನಗೆ ಯಾವಾಗಲೂ ಕುತೂಹಲ. ವಿಷಯಾಂತರವಾಯಿತು, ಮುಂದುವರಿಸಿ.

ಕರಿಹಲಗೆ

ನಿವೃತ್ತ ಉಪನ್ಯಾಸಕ ನಾನು, ರಾಜ್ಯಶಾಸ್ತ್ರ. ಕೋಟೆಬೀದಿಯವರ ಪ್ರಶ್ನೆಗೆ ಉತ್ತರ ಆ ವರದಿಯ ಕೊನೆಯಲ್ಲೇ ಇದೆ, ಭಿನ್ನಮತದ ಟಿಪ್ಪಣಿಯಲ್ಲಿ.

ಶಾಸನಸಭೆಗಳಲ್ಲಿ ಮಹಿಳೆಯರಿಗೆ ಸ್ಥಾನ ಮೀಸಲಿಡಬೇಕೇ ಎಂಬ ಪ್ರಶ್ನೆ ಸಮಿತಿಯ ಮುಂದೆ ಬಂತು. ಬಹುಮತ ಬೇಡ ಎಂದಿತು. ಹಳ್ಳಿಯ ಮಟ್ಟದಲ್ಲಿ ಶಾಸನಬದ್ಧ ಮಹಿಳಾ ಪಂಚಾಯಿತಿಗಳು ಸಾಕು ಎಂಬುದು ಅವರ ನಿಲುವು. ವೀಣಾ ಮಜುಂದಾರ್ ಮತ್ತು ಕಾನೂನು ಪ್ರಾಧ್ಯಾಪಕಿ ಲತಿಕಾ ಸರ್ಕಾರ್ ಇದಕ್ಕೆ ಭಿನ್ನಮತ ಬರೆದರು. ಇಬ್ಬರೂ ಮೀಸಲಾತಿಯ ಕಟ್ಟಾ ಬೆಂಬಲಿಗರಾಗಿ ಸಮಿತಿಗೆ ಬಂದವರಲ್ಲ. ಓದು, ಅರ್ಹತೆ ಇದ್ದರೆ ಹೆಣ್ಣು ತಾನಾಗಿ ಮೇಲೆ ಬರುತ್ತಾಳೆ ಎಂಬ ನಂಬಿಕೆಯಲ್ಲೇ ಬೆಳೆದವರು. ಪ್ರವಾಸದಲ್ಲಿ ಕಂಡದ್ದು, ಅಂಕಿಗಳಲ್ಲಿ ಓದಿದ್ದು ಆ ನಂಬಿಕೆಯನ್ನು ಅಲುಗಿಸಿತು. ಸದಸ್ಯ ಕಾರ್ಯದರ್ಶಿಯೇ ತನ್ನ ಸಮಿತಿಯ ತೀರ್ಮಾನಕ್ಕೆ ಭಿನ್ನಮತ ಬರೆಯುವುದು ಸರ್ಕಾರಿ ವ್ಯವಹಾರದಲ್ಲಿ ಎಷ್ಟು ಅಪರೂಪ ಎಂದು ಕಡತ ನೋಡಿದವರಿಗೆ ಗೊತ್ತು. ಕುರ್ಚಿ ಕೊಟ್ಟವರನ್ನು ಮೆಚ್ಚಿಸುವ ಜಾತಿಯಲ್ಲ ಅದು.

ಮುಂದಿನ ಕಥೆ ನಮ್ಮ ರಾಜ್ಯಕ್ಕೂ ತಾಗುತ್ತದೆ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಕಾಯ್ದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟಿತು. 1987ರ ಜನವರಿಯಲ್ಲಿ ಚುನಾವಣೆ. ಸಂವಿಧಾನದ 73ನೇ ತಿದ್ದುಪಡಿ ದೇಶದ ಪಂಚಾಯಿತಿಗಳಿಗೆಲ್ಲ ಮೂರನೇ ಒಂದು ಭಾಗ ಕೊಟ್ಟದ್ದು ಅದಾದ ಐದಾರು ವರ್ಷಕ್ಕೆ. ಈಗ ನಮ್ಮಲ್ಲಿ ಅರ್ಧಕ್ಕರ್ಧ. ಸಂಸತ್ತಿಗೆ ಮಹಿಳಾ ಮೀಸಲಾತಿ ಮಸೂದೆ ಮೊದಲು ಬಂದದ್ದು 1996ರ ಸೆಪ್ಟೆಂಬರ್ 12ರಂದು, ಎಚ್. ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. 2010ರಲ್ಲಿ ರಾಜ್ಯಸಭೆ ಒಪ್ಪಿತು, ಲೋಕಸಭೆಯಲ್ಲಿ ಮತಕ್ಕೇ ಬರದೆ ಬಿದ್ದುಹೋಯಿತು. 2023ರಲ್ಲಿ 106ನೇ ತಿದ್ದುಪಡಿಯಾಗಿ ಎರಡೂ ಸದನ ದಾಟಿತು, ಆದರೆ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಮುಗಿಯಲಿ ಎಂಬ ಗಂಟು ಹಾಕಿಕೊಂಡೇ ದಾಟಿತು. 2024ರಲ್ಲಿ ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಿಂದ ಗೆದ್ದ ಮಹಿಳೆಯರು ಮೂವರು. ಅರ್ಧ ಶತಮಾನ ಹಿಂದೆ ಇಬ್ಬರು ಪ್ರಾಧ್ಯಾಪಕಿಯರು ಬರೆದ ಟಿಪ್ಪಣಿಗೆ ಇನ್ನೂ ವಯಸ್ಸಾಗಿಲ್ಲ.

ಕೋಟೆಬೀದಿ

ಭಿನ್ನಮತದ ವಿಷಯ ಹೊಸದು, ಮೆಚ್ಚಿದೆ. ಆದರೂ ನನ್ನ ಪ್ರಶ್ನೆ ಹೋರಾಟದ ಬಗ್ಗೆ. ಟಿಪ್ಪಣಿ ಟಿಪ್ಪಣಿಯೇ.

ಹೊಸ ಓದುಗ

ವರದಿ ಬಂದದ್ದು 1974ರ ಕೊನೆಗೆ, ಆರು ತಿಂಗಳಲ್ಲಿ ತುರ್ತು ಪರಿಸ್ಥಿತಿ. ಆ ಗದ್ದಲದಲ್ಲಿ ಇದು ಮುಚ್ಚಿಹೋಗದೆ ಉಳಿದದ್ದು ಹೇಗೆ? ಯಾರಾದರೂ ತಿಳಿಸಿ.

ಗಂಗೋತ್ರಿಯ ಓದುಗಿ

ಒಬ್ಬ ಮನುಷ್ಯನಿಂದ ಎಂದರೆ ಅತಿಯಾದೀತು, ಆದರೆ ಜೆ. ಪಿ. ನಾಯಕ್ ಅವರನ್ನು ಬಿಟ್ಟು ಈ ಕಥೆ ಹೇಳಲಾಗದು. ಕೊಲ್ಹಾಪುರದ ಕಡೆಯವರು. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ನಮ್ಮ ಧಾರವಾಡದ ಹತ್ತಿರದ ಉಪ್ಪಿನ ಬೆಟಗೇರಿಯಲ್ಲಿದ್ದು ಹಳ್ಳಿಯ ಶಾಲೆ, ಆರೋಗ್ಯ ಎಂದು ದುಡಿದವರು. ಮುಂದೆ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿಯ ಸದಸ್ಯ ಕಾರ್ಯದರ್ಶಿ. ವರದಿ ಸಲ್ಲಿಕೆಯಾದ ಕೂಡಲೇ ಅವರು ವೀಣಾ ಅವರನ್ನು ಮಂಡಳಿಗೆ ಕರೆತಂದು ಮಹಿಳಾ ಅಧ್ಯಯನದ ಕಾರ್ಯಕ್ರಮವೊಂದನ್ನು ಅವರ ಕೈಗಿಟ್ಟರು. ವರದಿಯ ಸಾರಾಂಶವನ್ನು ಮಂಡಳಿ ಪುಸ್ತಕವಾಗಿ ತಂದಿತು. ದಪ್ಪ ವರದಿ ಓದದವರ ಕೈಗೂ ಅಂಕಿಗಳು ತಲುಪಿದವು.

1975ರಿಂದ 80ರವರೆಗೆ ಅಲ್ಲಿ ನಡೆದ ಕೆಲಸದ ರೀತಿ ಗಮನಿಸಿ. ಓದಿದ ಮಧ್ಯಮವರ್ಗದ ಹೆಣ್ಣಿನ ಕುಟುಂಬ ಮತ್ತು ನೌಕರಿಯ ಸಮಸ್ಯೆಗಳ ಮೇಲೆ ಆಗಲೇ ಸಾಕಷ್ಟು ಬರೆದಾಗಿತ್ತು. ಹೊಸ ಕಾರ್ಯಕ್ರಮ ಕೃಷಿ ಕೂಲಿ, ಬೀಡಿ, ಕೈಮಗ್ಗ, ಮೀನುಗಾರಿಕೆ, ವಲಸೆ ಇಂಥವುಗಳ ಕಡೆ ತಿರುಗಿಸಿತು. ಬಡವರ ಬದುಕು ಅರ್ಥವಾಗದೆ ಮಹಿಳೆಯ ಸ್ಥಿತಿ ಅರ್ಥವಾಗದು ಎಂಬ ಹಟ. 1980ರಲ್ಲಿ ಸ್ವತಂತ್ರ ಸಂಸ್ಥೆಯಾಗಿ ದೆಹಲಿಯಲ್ಲಿ ಮಹಿಳಾ ಅಭಿವೃದ್ಧಿ ಅಧ್ಯಯನ ಕೇಂದ್ರ ಹುಟ್ಟಿತು. ಹನ್ನೊಂದು ವರ್ಷ ವೀಣಾ ಅದರ ನಿರ್ದೇಶಕಿ. 1981ರ ಏಪ್ರಿಲ್‌ನಲ್ಲಿ ಮುಂಬೈಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಮೊದಲ ರಾಷ್ಟ್ರೀಯ ಮಹಿಳಾ ಅಧ್ಯಯನ ಸಮ್ಮೇಳನ, ಮರುವರ್ಷ ಭಾರತೀಯ ಮಹಿಳಾ ಅಧ್ಯಯನ ಸಂಘ.

ಎಸ್‌ಎನ್‌ಡಿಟಿ ಎಂದಾಗ ನೀರಾ ದೇಸಾಯಿ ಅವರ ಹೆಸರು ಹೇಳದಿದ್ದರೆ ಅನ್ಯಾಯ. ಅವರು ಅಲ್ಲಿ 1974ರಲ್ಲೇ ಮಹಿಳಾ ಅಧ್ಯಯನಕ್ಕೆಂದು ಸಂಶೋಧನಾ ಘಟಕ ತೆರೆದಿದ್ದರು. ವಿಶ್ವವಿದ್ಯಾಲಯದ ಒಳಗಿನ ಮೊದಲ ಗಟ್ಟಿ ನೆಲೆ ಅದು. ಸ್ವಭಾವದಲ್ಲಿ ಇಬ್ಬರೂ ಬೇರೆ ಬೇರೆ ಎಂದು ಕಾಣುತ್ತದೆ. ನೀರಾ ಮೆಲುದನಿಯ ಗಾಂಧಿಯುಗದ ಹೆಣ್ಣುಮಗಳು, ವೀಣಾ ಬಾಯಲ್ಲಿ ಸಿಗರೇಟು, ದೊಡ್ಡ ನಗು, ದೊಡ್ಡ ಕೋಪ. ತಮ್ಮನ್ನು ತಾವೇ ತಂಟೆಕೋರಿ ಎಂದುಕೊಳ್ಳುತ್ತಿದ್ದರು.

ಕರಿಹಲಗೆ

ಸಿಗರೇಟಿನ ವಿಷಯಕ್ಕೆ ನನ್ನ ವಿರೋಧ ದಾಖಲಾಗಲಿ. ತಂಟೆಕೋರತನಕ್ಕೆ ವಿರೋಧವಿಲ್ಲ.

ಬೀದರಿನ ಮಾಜಿ ಸಹಯೋಗಿನಿ

ಕೋಟೆಬೀದಿಯವರು ಹೋರಾಟ ಎಲ್ಲಿ ಎಂದು ಕೇಳುತ್ತಿದ್ದಾರೆ. ಬಾಂಕುರಾದ ಕಥೆ ಹೇಳುತ್ತೇನೆ. ತರಬೇತಿಗಳಲ್ಲಿ ನಮಗೆ ಇದನ್ನು ಎಷ್ಟೋ ಸಲ ಹೇಳಿಕೊಟ್ಟಿದ್ದಾರೆ.

1980ರಲ್ಲಿ ಪಶ್ಚಿಮ ಬಂಗಾಳದ ಭೂಸುಧಾರಣಾ ಸಚಿವ ಬಿನಯ್ ಚೌಧರಿ ಅವರ ಆಸಕ್ತಿಯಿಂದ ಬಾಂಕುರಾ ಜಿಲ್ಲೆಯ ಝಿಲಿಮಿಲಿ ಎಂಬಲ್ಲಿ ಹಳ್ಳಿಯ ಹೆಂಗಸರ ಶಿಬಿರ ನಡೆಯಿತು. ಬಂದವರಲ್ಲಿ ಹೆಚ್ಚಿನವರು ಸಂತಾಲ ಮತ್ತಿತರ ಬುಡಕಟ್ಟಿನವರು. ಕಲ್ಲುನೆಲ, ಮಳೆಯಾಧಾರಿತ ಬೇಸಾಯ. ಮಳೆ ಕೈಕೊಟ್ಟರೆ ಮಕ್ಕಳನ್ನು ಕಟ್ಟಿಕೊಂಡು ಬರ್ದ್ವಾನ್, ಹೂಗ್ಲಿ ಕಡೆ ಭತ್ತದ ನಾಟಿಗೆ, ಕೊಯ್ಲಿಗೆ ಹೋಗುವುದು. ನಮ್ಮ ಕಡೆ ಗುಳೆ ಹೋಗುವುದು ಎನ್ನುತ್ತೇವಲ್ಲ, ಅದೇ. ದೆಹಲಿಯ ಆ ಅಧ್ಯಯನ ಕೇಂದ್ರದಿಂದ ಬಂದವರು ಏನು ಬೇಕು ಎಂದು ಕೇಳಿದರು. ಹೆಂಗಸರು ಕೇಳಿದ್ದು ಊರಲ್ಲೇ ಕೆಲಸ. ಸಾಕ್ಷರತೆ, ಹೊಲಿಗೆ ಯಂತ್ರ, ಹಪ್ಪಳ ಉಪ್ಪಿನಕಾಯಿ ಯಾವುದೂ ಅವರ ಪಟ್ಟಿಯಲ್ಲಿ ಮೇಲೆ ಇರಲಿಲ್ಲ.

ಅಲ್ಲಿಂದ ಹುಟ್ಟಿದ್ದು ಹೆಂಗಸರದೇ ಸಂಘಗಳು. ಯಾರಿಗೂ ಬೇಡದ ಬೀಳು ಭೂಮಿಯನ್ನು ಸಂಘದ ಹೆಸರಿಗೆ ಪಡೆದು, ಟಸ್ಸಾರ್ ರೇಷ್ಮೆ ಹುಳಕ್ಕೆ ಮೇವಾಗುವ ಅರ್ಜುನ ಮತ್ತು ಆಸನ್ ಗಿಡ ನೆಟ್ಟರು. ನಮ್ಮ ರಾಮನಗರದ ರೇಷ್ಮೆ ಹುಳ ಹಿಪ್ಪುನೇರಳೆ ತಿಂದು ಮನೆಯೊಳಗೆ ಚಂದ್ರಿಕೆಯಲ್ಲಿ ಗೂಡು ಕಟ್ಟುತ್ತದೆ. ಟಸ್ಸಾರ್ ಹುಳ ಹಾಗಲ್ಲ, ಬಯಲಲ್ಲಿ ಮರದ ಮೇಲೇ ಬೆಳೆಯುತ್ತದೆ. ಹಕ್ಕಿ, ಇರುವೆ ಬಾರದಂತೆ ಹಗಲೆಲ್ಲ ಕಾಯಬೇಕು. ಕಾಯುವವರು ಹೆಂಗಸರು, ಲೆಕ್ಕ ಬರೆಯಲು ಕಲಿತವರೂ ಅವರೇ. ವೀಣಾ ಅವರು ಬಾಂಕುರಾದ ಆ ಹೆಂಗಸರನ್ನು ತಮ್ಮ ಗುರುಗಳೆಂದೇ ಕರೆಯುತ್ತಿದ್ದರು. ಆಕ್ಸ್‌ಫರ್ಡಿನ ಡಿ.ಫಿಲ್ ಪಡೆದವರಿಗೆ ಆ ಮಾತಾಡುವ ದರ್ದು ಏನಿತ್ತು?

ನಾನು ಕೆಲಸ ಮಾಡಿದ್ದು ಹಳ್ಳಿಯ ಹೆಂಗಸರ ಸಂಘ ಕಟ್ಟುವ ಸರ್ಕಾರಿ ಕಾರ್ಯಕ್ರಮ ಮಹಿಳಾ ಸಮಖ್ಯಾದಲ್ಲಿ, ಹಳ್ಳಿಗಳನ್ನು ಸುತ್ತುವ ಸಹಯೋಗಿನಿಯಾಗಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮಹಿಳಾ ಸಮಾನತೆಗಾಗಿ ಶಿಕ್ಷಣ ಎಂಬ ಭಾಗ ಬಂತು. ಅದರ ಬೆನ್ನಿಗೇ 1989ರಲ್ಲಿ ಮೂರು ರಾಜ್ಯಗಳಲ್ಲಿ ಈ ಕಾರ್ಯಕ್ರಮ ಶುರುವಾಯಿತು, ಕರ್ನಾಟಕ ಅದರಲ್ಲೊಂದು. ನನಗೆ ಹತ್ತು ಹಳ್ಳಿ. ಸಂಜೆ ಏಳರ ಮೇಲೆಯೇ ಸಭೆ, ಏಕೆಂದರೆ ಅದಕ್ಕೆ ಮೊದಲು ಯಾರಿಗೂ ಬಿಡುವಿಲ್ಲ. ಬುಡ್ಡಿದೀಪ ನಡುವೆ ಇಟ್ಟು ವೃತ್ತದಲ್ಲಿ ಕೂರುತ್ತಿದ್ದೆವು. ಒಂದು ಹಳ್ಳಿಯಲ್ಲಿ ಮೊದಲು ಬಂದ ಮಾತು ಅಕ್ಷರದ ಬಗ್ಗೆ ಅಲ್ಲ, ಕೈಪಂಪಿನ ಬಗ್ಗೆ. ಪಂಪು ಕೆಟ್ಟರೆ ಗಂಡಸರಿಗೆ ತಿಳಿಯುವುದು ಸ್ನಾನದ ನೀರು ತಣ್ಣಗಾದಾಗ ಎಂದು ಒಬ್ಬಾಕೆ ಹೇಳಿ ಎಲ್ಲರನ್ನೂ ನಗಿಸಿದಳು. ಅರ್ಜಿ ಬರೆಯಲು ಹೋಗಿಯೇ ಅವರಿಗೆ ಅಕ್ಷರ ಬೇಕೆನಿಸಿದ್ದು. ಕೇಂದ್ರದ ಅನುದಾನ ನಿಂತ ಮೇಲೆ ಕಾರ್ಯಕ್ರಮ ಮುಗಿಯಿತು, ನಮ್ಮಂಥವರು ಬೇರೆ ಬೇರೆ ಕೆಲಸ ಹಿಡಿದೆವು. ಆದರೆ ಅಲ್ಲಿ ಕಲಿತ ಆ ಹೆಂಗಸರಲ್ಲಿ ಕೆಲವರು ಇವತ್ತು ಪಂಚಾಯಿತಿಯಲ್ಲಿದ್ದಾರೆ.

ಕೋಟೆಬೀದಿ

ಸಹಯೋಗಿನಿಯವರಿಗೆ ನಮಸ್ಕಾರ. ಬಾಂಕುರಾ ಬೇರೆಯೇ ತೂಕದ ಮಾತು. ಕೊನೆಯ ತಕರಾರು ಒಂದು ಉಳಿದಿದೆ, ಅದನ್ನು ಸುಲಭಕ್ಕೆ ಬಿಡಲಾರೆ. ಜಾತಿ. ಸಮಿತಿಯ ಸದಸ್ಯರ ಪಟ್ಟಿ ನೋಡಿ. ಹೆಚ್ಚಿನವರು ಓದಿದ, ಮೇಲುಜಾತಿಯ, ನಗರದ ಹೆಣ್ಣುಮಕ್ಕಳು. ‘ಭಾರತೀಯ ಮಹಿಳೆ’ ಎಂದು ಒಂದೇ ಪದದಲ್ಲಿ ಎಲ್ಲರನ್ನೂ ಕಟ್ಟಿದಾಗ ಕೆರೆಯ ನೀರು ಮುಟ್ಟಲು ಬಿಡದವರೂ ಮುಟ್ಟಲಾಗದವರೂ ಒಂದೇ ಸಾಲಿನಲ್ಲಿ ನಿಂತಂತಾಗುವುದಿಲ್ಲವೇ?

ಗಂಗೋತ್ರಿಯ ಓದುಗಿ

ಇದು ನ್ಯಾಯವಾದ ಪ್ರಶ್ನೆ. ವೀಣಾ ಅವರ ಪೀಳಿಗೆ ವರ್ಗವನ್ನು ಕಂಡಷ್ಟು ನಿಚ್ಚಳವಾಗಿ ಜಾತಿಯನ್ನು ಕಾಣಲಿಲ್ಲ ಎಂದೇ ನನ್ನ ಅಭಿಪ್ರಾಯ. ಬಡ ಹೆಣ್ಣು ಎಂದರೆ ಎಲ್ಲವೂ ಅದರಲ್ಲಿ ಬಂತು ಎಂದುಕೊಂಡರು. ಜಾತಿಯ ಪ್ರಶ್ನೆಯನ್ನು ನೇರಾನೇರ ಎತ್ತಿ ಹಿಡಿದವರು ತೊಂಬತ್ತರ ದಶಕದ ದಲಿತ ಮಹಿಳಾ ಸಂಘಟನೆಗಳು. ವಿಶ್ವವಿದ್ಯಾಲಯದ ಒಳಗೆ ಅದನ್ನು ಪಠ್ಯವಾಗಿಸಿದವರಲ್ಲಿ ಮುಖ್ಯರು ಪುಣೆಯ ಶರ್ಮಿಳಾ ರೇಗೆ. ಸಾವಿತ್ರಿಬಾಯಿ ಫುಲೆ ಹೆಸರಿನ ಅಧ್ಯಯನ ಕೇಂದ್ರದಲ್ಲಿ ಅವರು ಫುಲೆ, ಅಂಬೇಡ್ಕರ್ ಅವರನ್ನು ಮಹಿಳಾ ಅಧ್ಯಯನದ ಮೂಲ ಚಿಂತಕರನ್ನಾಗಿ ಓದಿಸಿದರು. ದಲಿತ ಹೆಣ್ಣಿನ ನಿಲುವಿನಿಂದ ನೋಡಿದರೆ ಇಡೀ ಚಿತ್ರವೇ ಬದಲಾಗುತ್ತದೆ ಎಂದು 1998ರಲ್ಲಿ ಬರೆದರು. ರೇಗೆ ತಾವು ದಲಿತರಲ್ಲ, ಆದರೆ ಆ ಜಾಗದಿಂದ ಯೋಚಿಸುವ ಹೊಣೆ ತಮ್ಮದೂ ಹೌದು ಎಂದರು.

2013 ಒಂದು ಕೆಟ್ಟ ವರ್ಷ. ಫೆಬ್ರವರಿಯಲ್ಲಿ ಲತಿಕಾ ಸರ್ಕಾರ್, ಮೇ 30ರಂದು ವೀಣಾ ಮಜುಂದಾರ್, ಜುಲೈ 13ರಂದು ಶರ್ಮಿಳಾ ರೇಗೆ. ಮೊದಲಿಬ್ಬರು ಎಂಬತ್ತು ದಾಟಿದವರು, ರೇಗೆಗೆ ಇನ್ನೂ ಐವತ್ತು ತುಂಬಿರಲಿಲ್ಲ.

ನಮ್ಮ ಮೈಸೂರಿನ ಮಾತೂ ಸೇರಿಸಲೇ? ವಿಜಯಾ ದಬ್ಬೆ ಮಾನಸಗಂಗೋತ್ರಿಯಲ್ಲಿ ಕನ್ನಡ ಪಾಠ ಹೇಳುತ್ತ, ಸಮತಾ ವೇದಿಕೆ ಎಂಬ ಮಹಿಳಾ ಸಂಘಟನೆ ಕಟ್ಟಿ, ಬೇರೆಯದೇ ದಾರಿಯಲ್ಲಿ ಇದೇ ಕೆಲಸ ಮಾಡಿದರು. ನಂಜನಗೂಡು ತಿರುಮಲಾಂಬ ಅವರಂಥ ಮರೆತುಹೋದ ಲೇಖಕಿಯರನ್ನು ಮತ್ತೆ ಓದುವಂತೆ ಮಾಡಿದರು. ದೆಹಲಿಯಲ್ಲಿ ಜನಗಣತಿಯ ಪುಸ್ತಕ ತೆರೆದಂತೆ ಇಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದರು. 1999ರ ಅಪಘಾತ ಅವರ ದನಿಯನ್ನು ಕಿತ್ತುಕೊಂಡಿತು, 2018ರಲ್ಲಿ ತೀರಿಕೊಂಡರು. ಅವರ ಬಗ್ಗೆಯೇ ಬೇರೆ ಚರ್ಚೆ ಆಗಬೇಕು.

ಮಂಡ್ಯದ ಕಬ್ಬು

ಇಷ್ಟು ಹೊತ್ತು ಓದುತ್ತಿದ್ದೆ. ಲಿಂಗಾನುಪಾತದ ಮಾತಿಗೆ ವಾಪಸು ಬರುತ್ತೇನೆ. 2023ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಒಂದು ಆಲೆಮನೆಯ ಸುದ್ದಿ ಎಲ್ಲರೂ ಓದಿರುತ್ತೀರಿ. ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದರು. ಪ್ರಸವಪೂರ್ವ ಲಿಂಗ ಪತ್ತೆ ನಿಷೇಧಿಸುವ ಕಾನೂನು 1994ರದು.

1971ರ ಸಮಿತಿಯ ಕಾಲದಲ್ಲಿ ಹೆಣ್ಣು ಹುಟ್ಟಿದ ಮೇಲೆ ಅಲಕ್ಷ್ಯದಿಂದ ಸಾಯುತ್ತಿತ್ತು ಎಂದು ಎಣಿಕೆಗಾರರು ಬರೆದಿದ್ದಾರೆ. ಈಗ ಹುಟ್ಟುವ ಮೊದಲೇ. ಒಟ್ಟು ಅನುಪಾತ 2011ರಲ್ಲಿ 943ಕ್ಕೆ ಏರಿದೆ, ನಿಜ. ಹೆಂಗಸರು ಹೆಚ್ಚು ಕಾಲ ಬದುಕುತ್ತಿದ್ದಾರೆ. ಆದರೆ ಆರು ವರ್ಷದೊಳಗಿನ ಮಕ್ಕಳ ಲೆಕ್ಕ 2001ರ 927ರಿಂದ ಮತ್ತೆ ಇಳಿದಿದೆ. ಊರಲ್ಲಿ ಮದುವೆಗೆ ಹೆಣ್ಣು ಸಿಗುತ್ತಿಲ್ಲ ಎಂದು ಗಂಡುಮಕ್ಕಳು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದೂ 2023ರಲ್ಲೇ. ಎರಡೂ ಸುದ್ದಿ ಒಂದೇ ಜಿಲ್ಲೆಯವು. ಪಾದಯಾತ್ರೆಗೆ ಹೋದವರ ಮನೆಯ ಹಿರಿಯರು ಇದನ್ನು ಜೋಡಿಸಿ ನೋಡಿದ್ದಾರೋ ಇಲ್ಲವೋ.

ಎಣಿಕೆಗಾರ

ಇಲ್ಲಿ ಒಂದು ಸೇರ್ಪಡೆ. ಒಟ್ಟು ಅನುಪಾತ ಏರಿದ್ದನ್ನು ತೋರಿಸಿ ‘ಎಲ್ಲ ಸರಿಹೋಯಿತು’ ಎನ್ನುವ ಲೇಖನಗಳು ಬರುತ್ತಿರುತ್ತವೆ. ವಯಸ್ಸಾದ ಹೆಂಗಸರ ಸಂಖ್ಯೆ ಹೆಚ್ಚಿದಾಗ ಒಟ್ಟು ಅಂಕಿ ಮೇಲೆ ಹೋಗುತ್ತದೆ, ತೊಟ್ಟಿಲಿನ ಲೆಕ್ಕ ಕೆಳಗೆ ಹೋಗುತ್ತಿದ್ದರೂ ಕಾಣುವುದಿಲ್ಲ. ಯಾವ ವಯಸ್ಸಿನ ಅನುಪಾತ ಎಂದು ಕೇಳದೆ ಅಂಕಿ ನಂಬಬೇಡಿ.

ಹೊಸ ಓದುಗ

ವರದಿಯನ್ನು ಓದಬೇಕೆಂದರೆ ಎಲ್ಲಿಂದ ಶುರು ಮಾಡುವುದು? ದಪ್ಪ ನೋಡಿದರೇ ಭಯವಾಗುತ್ತದೆ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇದೆಯಂತೆ, ಕಪಾಟಿನ ಕೀಲಿ ಯಾರ ಬಳಿ ಎಂದು ಹುಡುಕುತ್ತಿದ್ದಾರೆ.

ಕರಿಹಲಗೆ

ಮೊದಲ ಪುಟದಿಂದ ಓದಬೇಡಿ. ಜನಸಂಖ್ಯೆಯ ಚಿತ್ರಣದ ಭಾಗ ಮೊದಲು, ಆಮೇಲೆ ದುಡಿಮೆಯ ಅಧ್ಯಾಯ, ಅದಾದ ಮೇಲೆ ರಾಜಕೀಯ ಸ್ಥಾನಮಾನದ ಅಧ್ಯಾಯ ಓದಿ ನೇರವಾಗಿ ಕೊನೆಯ ಭಿನ್ನಮತದ ಟಿಪ್ಪಣಿಗೆ ಹೋಗಿ. ಕಾನೂನಿನ ಅಧ್ಯಾಯ ಓದುವಾಗ ಜೊತೆಯಲ್ಲಿ ಕಾಯ್ದೆಗಳ ವರ್ಷ ಬರೆದಿಟ್ಟುಕೊಳ್ಳಿ: ಸಮಾನ ವೇತನ ಕಾಯ್ದೆ 1976, ಮದುವೆಯ ವಯಸ್ಸು ಹೆಣ್ಣಿಗೆ 18, ಗಂಡಿಗೆ 21 ಆದದ್ದು 1978ರಲ್ಲಿ. ಶಿಫಾರಸಿಗೂ ಕಾಯ್ದೆಗೂ ನಡುವಿನ ದೂರ ಕೆಲವೆಡೆ ಎರಡು ವರ್ಷ, ಕೆಲವೆಡೆ ಐವತ್ತು.

ಬೀದರಿನ ಮಾಜಿ ಸಹಯೋಗಿನಿ

ಕೀಲಿ ಸಿಗದಿದ್ದರೆ ಪ್ರಾಂಶುಪಾಲರಿಗೆ ಅರ್ಜಿ ಬರೆಯಿರಿ. ನಾಲ್ಕು ಹುಡುಗಿಯರ ಸಹಿ ಹಾಕಿಸಿ, ಒಬ್ಬರೇ ಹೋಗಬೇಡಿ.

ಹೊಸ ಓದುಗ

ಆರು ಸಹಿ ಆಗಿದೆ. ಸೋಮವಾರ ಕೊಡುತ್ತೇವೆ.